ಬಸವನಹುಳುವಿನ ದೇಹವ್ಯಾಪಾರವೂ ತೋಟದ ರಕ್ಷಣೆಯೂ

ರೋಹಿಣಿ ಮಳೆ ಎರಡು ದಿನ ಹಿಡಿದು ಬಿದ್ದಿತೆಂದರೆ, ಅದುವರೆಗೆ ಒಂದು ಹುಳುವೂ ಕಣ್ಣಿಗೆ ಬೀಳದಿದ್ದ ಅಡಿಕೆ ತೋಟದಲ್ಲಿಯೂ ಕಾಯಿಪಲ್ಯದ ಮಡಿಗಳಲ್ಲಿಯೂ ಬೆಳಗಾಗುವಷ್ಟರಲ್ಲಿ ಅಂಗೈಯುದ್ದದ ಬಸವನಹುಳುಗಳು ನೂರುಗಟ್ಟಲೆಯಾಗಿ ಕಾಣಿಸಿಕೊಳ್ಳುತ್ತವೆ. ಹಿಂದಿನ ಸಂಜೆ ನಾಟಿ ಮಾಡಿದ ಎಲೆಕೋಸಿನ ಸಸಿಗಳಲ್ಲಿ ಬರಿಯ ದಂಟು ಉಳಿದಿರುತ್ತದೆ. ಪರಂಗಿಯ ಎಳೆಯ ಗಿಡಗಳ ತೊಗಟೆಯನ್ನು ಯಾರೋ ಕೆರೆದು ತೆಗೆದಂತಿರುತ್ತದೆ. ಗಿಡದಿಂದ ಗಿಡಕ್ಕೆ ಬೆಳ್ಳಿಯ ಗೆರೆಯಂತೆ ಒಣಗಿದ ಲೋಳೆ ಹೊಳೆಯುತ್ತಿರುತ್ತದೆ. ಬೇಸಾಯಗಾರನು ಕೋಪದಿಂದ ಉಪ್ಪಿನ ಚೀಲವನ್ನು ತಂದು ಎರಚುತ್ತಾನೆ. ಇಲ್ಲವೆ ಅಂಗಡಿಗೆ ಹೋಗಿ ಯಾವುದಾದರೊಂದು ಕೀಟನಾಶಕವನ್ನು ತರುತ್ತಾನೆ. ಉಪ್ಪು ಮಣ್ಣನ್ನು ಕೆಡಿಸುತ್ತದೆ. ಕೀಟಕ್ಕೆಂದು ಮಾಡಿದ ಔಷಧವು ಬಹುಮಟ್ಟಿಗೆ ವ್ಯರ್ಥವಾಗುತ್ತದೆ. ಏಕೆಂದರೆ ಬಸವನಹುಳುವು ಹೆಸರಿಗೆ ಹುಳುವೇ ಹೊರತು ಕೀಟವಲ್ಲ. ಅದರ ದೇಹ ನಡೆಯುವ ರೀತಿಯೇ ಬೇರೆ. ಆ ರೀತಿಯನ್ನು ತಿಳಿದವನಿಗೆ ಯಾವ ಉಪಾಯವು ಯಾವ ಹೊತ್ತಿನಲ್ಲಿ ಫಲಿಸುವುದು, ಯಾವುದು ಫಲಿಸದು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಪ್ರಾಣಿಶಾಸ್ತ್ರಜ್ಞರು ಇದನ್ನು ಮೃದ್ವಂಗಿಗಳೆಂಬ ವರ್ಗದಲ್ಲಿ ಸೇರಿಸಿದ್ದಾರೆ. ಕೆರೆಯ ಕೆಸರಿನಲ್ಲಿರುವ ಕಪ್ಪೆಚಿಪ್ಪು, ಕರಾವಳಿಯ ಮರುವಾಯಿ, ಮೀನಿನ ಪೇಟೆಯಲ್ಲಿ ಮಾರುವ ಬೊಂಡಾಸು, ಪೂಜೆಯ ಶಂಖವನ್ನು ಕಟ್ಟುವ ಸಮುದ್ರದ ಪ್ರಾಣಿ, ಇವೆಲ್ಲವೂ ಒಂದೇ ಮನೆತನದವು. ಎಲುಬಿಲ್ಲದ ಮೆತ್ತನೆಯ ಒಡಲು, ಸ್ನಾಯುಮಯವಾದ ಒಂದು ಪಾದ, ಒಡಲನ್ನು ಹೊದಿಕೆಯಂತೆ ಸುತ್ತಿಕೊಂಡು ಚಿಪ್ಪನ್ನು ಸ್ರವಿಸುವ ಪ್ರಾವಾರವೆಂಬ ಪೊರೆ, ಈ ಮೂರರ ಮೇಲೆ ವಂಶದ ರಚನೆ ನಿಂತಿದೆ. ಬೊಂಡಾಸಿನಲ್ಲಿ ಪಾದವೇ ತೋಳುಗಳಾಗಿ ಒಡೆದು, ಚಿಪ್ಪು ಮೈಯೊಳಗೆ ಸೇರಿ ತೆಳುವಾದ ಗರಿಯಂತಾಗಿದೆ. ಕಪ್ಪೆಚಿಪ್ಪಿಗೆ ತಲೆಯೇ ಇಲ್ಲ. ಅದರ ಕಿವಿರುಗಳು ಉಸಿರಾಟದ ಜೊತೆಗೆ ನೀರನ್ನು ಸೋಸಿ ಆಹಾರವನ್ನು ಕೂಡಿಸುವ ಜರಡಿಯೂ ಆಗಿವೆ. ಇವೆಲ್ಲ ನೀರಿನ ಜೀವಿಗಳು. ಈ ವಂಶದಲ್ಲಿ ನೀರನ್ನು ಬಿಟ್ಟು ನೆಲಕ್ಕೆ ಹತ್ತಿ ಬಂದುದು ಬಸವನಹುಳುವಿನ ಬಳಗವೊಂದೇ. ನಮ್ಮ ಕೆರೆಗದ್ದೆಗಳಲ್ಲಿರುವ ದುಂಡುಚಿಪ್ಪಿನ ಬಸವನಹುಳುವು ಇನ್ನೂ ಹೊಸ್ತಿಲ ಮೇಲೆ ನಿಂತಿದೆ. ಅದಕ್ಕೆ ನೀರಿನಲ್ಲಿ ಉಸಿರಾಡಲು ಕಿವಿರೂ ಗಾಳಿಯಲ್ಲಿ ಉಸಿರಾಡಲು ಶ್ವಾಸಕೋಶವೂ ಎರಡೂ ಉಂಟು. ತೋಟದ ಬಸವನಹುಳುವಾದರೋ ಕಿವಿರನ್ನು ಪೂರ್ಣವಾಗಿ ಕಳೆದುಕೊಂಡಿದೆ. ಆದರೆ ಅದರ ತೊಗಲು ಇನ್ನೂ ನೀರಿನ ಪ್ರಾಣಿಯ ತೊಗಲೇ. ಕೀಟಗಳಿಗಿರುವಂತೆ ಮೇಣದ ಲೇಪವುಳ್ಳ ಗಟ್ಟಿಯಾದ ಹೊರಕವಚವಾಗಲಿ, ಹಾವು ಹಲ್ಲಿಗಳಿಗಿರುವಂತೆ ಪರೆಯಾಗಲಿ ಅದಕ್ಕಿಲ್ಲ. ಒದ್ದೆಯ ಬಟ್ಟೆಯಿಂದ ನೀರಾರುವಂತೆ ಅದರ ಮೈಯಿಂದ ಸದಾ ನೀರು ಆರಿಹೋಗುತ್ತಿರುತ್ತದೆ. ಆದುದರಿಂದ ನೀರನ್ನು ಉಳಿಸಿಕೊಳ್ಳುವುದೇ ಈ ಪ್ರಾಣಿಯ ಜೀವನದ ಮುಖ್ಯ ಕಾರ್ಯವೆಂದು ತಿಳಿಯತಕ್ಕದ್ದು.

ಈಗ ನಮ್ಮ ತೋಟಗಳನ್ನು ಕಾಡುತ್ತಿರುವ ಜಾತಿಯು ನಮ್ಮ ನಾಡಿನದಲ್ಲ. ಇದರ ತವರು ಪೂರ್ವ ಆಫ್ರಿಕ. ಅಲ್ಲಿಂದ ಮಾರಿಷಸ್ ದ್ವೀಪಕ್ಕೆ ಬಂದು, 1847ರಲ್ಲಿ ಶಂಖಚಿಪ್ಪುಗಳ ಅಭ್ಯಾಸದಲ್ಲಿ ಆಸಕ್ತನಾಗಿದ್ದ ಬೆನ್ಸನ್ ಎಂಬ ಆಂಗ್ಲ ಮಹಾಶಯನ ಮೂಲಕ ಕಲ್ಕತ್ತೆಯ ಚೌರಂಗಿಯ ಒಂದು ಉದ್ಯಾನವನ್ನು ಸೇರಿತು. ಯಾವ ದುರುದ್ದೇಶವೂ ಇಲ್ಲದ ಒಂದು ಕುತೂಹಲದ ಫಲವಿದು. ಅಲ್ಲಿಂದ ಕಸಿಗಿಡಗಳ ಬೇರುಮಣ್ಣಿನಲ್ಲಿ, ಗೊಬ್ಬರದ ಗಾಡಿಗಳಲ್ಲಿ, ಸರಕಿನ ಪೆಟ್ಟಿಗೆಗಳಲ್ಲಿ ಸೇರಿಕೊಂಡು ದೇಶದ ಅನೇಕ ಕಡೆಗಳಿಗೆ ಹಬ್ಬಿ, ಇಂದು ಬೆಂಗಳೂರಿನ ಕೈತೋಟಗಳಿಂದ ಕೊಡಗಿನ ಕಾಫಿ ತೋಟಗಳವರೆಗೆ ಪರಿಚಿತವಾಗಿದೆ. ತಾನಾಗಿ ನಡೆದು ಇಷ್ಟು ದೂರ ಬರುವ ಶಕ್ತಿ ಅದಕ್ಕಿಲ್ಲ. ಪ್ರತಿಯೊಂದು ಹೊಸ ಊರಿಗೂ ಮನುಷ್ಯನೇ ಅದನ್ನು ಹೊತ್ತು ತಂದಿದ್ದಾನೆ.

ಅದರ ನಡಿಗೆಯನ್ನೇ ಮೊದಲು ನೋಡುವ. ಒಂದು ಹುಳುವನ್ನು ಗಾಜಿನ ಹಲಗೆಯ ಮೇಲೆ ಬಿಟ್ಟು ಕೆಳಗಿನಿಂದ ನೋಡಿದರೆ, ಪಾದದ ಅಡಿಯಲ್ಲಿ ಸಣ್ಣ ಸಣ್ಣ ಅಲೆಗಳು ಬಾಲದ ಕಡೆಯಿಂದ ತಲೆಯ ಕಡೆಗೆ ಒಂದರ ಹಿಂದೊಂದು ಸಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಅಲೆಯಿರುವ ಭಾಗ ಮುಂದೆ ಸರಿಯುತ್ತದೆ, ಉಳಿದ ಭಾಗ ನೆಲವನ್ನು ಹಿಡಿದುಕೊಂಡಿರುತ್ತದೆ. ಈ ಎರಡು ಕೆಲಸಗಳನ್ನೂ ನಡೆಸಿಕೊಡುವುದು ಲೋಳೆ. ಪಾದದ ಮುಂತುದಿಯಲ್ಲಿರುವ ಗ್ರಂಥಿಯಿಂದ ಅದು ಹೊರಬಂದು ಹಾದಿಯುದ್ದಕ್ಕೂ ಹಾಸಲ್ಪಡುತ್ತದೆ. ಇದರ ಗುಣ ವಿಚಿತ್ರವಾದುದು: ಸುಮ್ಮನಿದ್ದಾಗ ಅಂಟಿನಂತೆ ಗಟ್ಟಿಯಾಗಿ ಹಿಡಿದಿರುತ್ತದೆ, ಅಲೆಯು ತಾಕಿ ಒತ್ತಡ ಬಿದ್ದೊಡನೆ ಕರಗಿದಂತಾಗಿ ಜಾರಲು ಎಡೆಗೊಡುತ್ತದೆ, ಅಲೆ ದಾಟಿದ ಕೂಡಲೆ ಮತ್ತೆ ಗಟ್ಟಿಯಾಗುತ್ತದೆ. ಹೀಗಾಗಿ ಹುಳುವು ಗೋಡೆಯನ್ನು ನೆಟ್ಟಗೆ ಏರಬಲ್ಲುದು, ಎಲೆಯ ಕೆಳಮೈಯಲ್ಲಿ ತಲೆಕೆಳಗಾಗಿ ನಡೆಯಬಲ್ಲುದು, ಕ್ಷೌರದ ಕತ್ತಿಯ ಅಲಗಿನ ಮೇಲೆಯೂ ಗಾಯವಾಗದೆ ದಾಟಬಲ್ಲುದು. ಆದರೆ ಈ ಸೌಕರ್ಯಕ್ಕೆ ತೆರಬೇಕಾದ ಬೆಲೆ ದೊಡ್ಡದು. ಲೋಳೆಯ ಬಹುಪಾಲು ನೀರು. ನಡೆದಷ್ಟು ದೂರವೂ ಹುಳುವು ತನ್ನ ಮೈಯ ನೀರನ್ನೇ ನೆಲಕ್ಕೆ ಬಳಿಯುತ್ತ ಹೋಗುತ್ತದೆ. ಕಾಲುಳ್ಳ ಪ್ರಾಣಿಗಳ ನಡಿಗೆಗಿಂತ ಈ ನಡಿಗೆಗೆ ಅನೇಕ ಪಟ್ಟು ಹೆಚ್ಚು ಶಕ್ತಿ ವ್ಯಯವಾಗುವುದೆಂದು ಪ್ರಯೋಗಗಳಿಂದ ತಿಳಿದಿದೆ. ಒಣಗಿದ ನೆಲ, ಪುಡಿಮಣ್ಣು, ಬೂದಿ, ಇವುಗಳ ಮೇಲೆ ನಡೆಯಬೇಕಾದರೆ ಲೋಳೆಯನ್ನು ಇನ್ನೂ ಹೆಚ್ಚಾಗಿ ಸುರಿಸಬೇಕು. ಆದಕಾರಣವೇ ಅದು ಹಗಲಿನಲ್ಲಿ ಹೊರಡುವುದಿಲ್ಲ; ರಾತ್ರಿ ಇಬ್ಬನಿ ಬಿದ್ದ ಮೇಲೆ, ಇಲ್ಲವೆ ಮೋಡ ಕವಿದು ಹನಿಯುವಾಗ ಹೊರಡುತ್ತದೆ. ಹೋಗುವಾಗ ಹಾಸಿದ ಲೋಳೆಯ ಜಾಡನ್ನು ಹಿಡಿದು ಅನೇಕವೇಳೆ ಅದೇ ಕಲ್ಲುಸಂದಿಗೆ, ಅದೇ ಸೋಗೆಯ ರಾಶಿಗೆ ಹಿಂದಿರುಗುತ್ತದೆ.

ಎಲುಬಿಲ್ಲದ ಈ ಪ್ರಾಣಿಯನ್ನು ಸೆಟೆದು ನಿಲ್ಲಿಸುವುದೂ ನೀರೇ. ಚಕ್ಕಡಿಯ ಟೈರು ಗಾಳಿಯಿಂದ ಬಿಗಿಯುವಂತೆ ಇದರ ಪಾದವೂ ಕೊಂಬುಗಳೂ ಒಳಗಿನ ರಕ್ತದ ಒತ್ತಡದಿಂದ ಬಿಗಿದು ಚಾಚುತ್ತವೆ. ಎತ್ತಿನ ಕೊಂಬಿನಂತಿರುವ ಇವುಗಳನ್ನು ಕಂಡೇ ಜನರು ಬಸವನ ಹೆಸರನ್ನು ಕೊಟ್ಟಿರಬೇಕೆಂದು ತೋರುತ್ತದೆ. ಮುಟ್ಟಿದೊಡನೆ ಒಳಗಿನ ಸ್ನಾಯು ಕೊಂಬನ್ನು ಕೈಚೀಲದ ಬೆರಳನ್ನು ಒಳಮೊಗವಾಗಿ ಎಳೆದಂತೆ ಎಳೆದುಕೊಳ್ಳುತ್ತದೆ. ಮೇಲಿನ ಉದ್ದನೆಯ ಜೋಡಿಯ ತುದಿಯಲ್ಲಿ ಕಣ್ಣುಗಳಿವೆ. ಬೆಳಕು ಕತ್ತಲೆಗಳ ಭೇದವನ್ನು ಅವು ತಿಳಿಸುವುವೇ ಹೊರತು ಹೆಚ್ಚಿನದನ್ನಲ್ಲ. ಕಿವಿಯಿಲ್ಲ. ವಾಸನೆಯೇ ಇದಕ್ಕೆ ದಾರಿ ತೋರಿಸುವ ಇಂದ್ರಿಯ. ಮಾಗಿದ ಪರಂಗಿಯ ಹಣ್ಣು, ಬಾಡಿದ ಎಲೆಕೋಸಿನ ಎಲೆ, ಹುಳಿತ ಬೆಲ್ಲದ ತೌಡು ಇವುಗಳ ಬಳಿ ಹುಳುಗಳು ತಾವಾಗಿ ಬಂದು ನೆರೆಯುವುದು ಇದರಿಂದಲೇ.

ತಲೆಯ ಹಿಂದೆ ಬಲಗಡೆಯಲ್ಲಿ ಚಿಪ್ಪಿನ ಅಂಚಿಗೆ ಸೇರಿದಂತೆ ಒಂದು ರಂಧ್ರವು ಆಗಾಗ್ಗೆ ತೆರೆದು ಮುಚ್ಚುವುದನ್ನು ಕಾಣಬಹುದು. ಅದು ಉಸಿರಿನ ದ್ವಾರ. ಒಳಗಿನ ಕುಹರದ ಛಾವಣಿಯಲ್ಲಿ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿದ್ದು, ಅದೇ ಶ್ವಾಸಕೋಶದ ಕೆಲಸವನ್ನು ಮಾಡುತ್ತದೆ. ದ್ವಾರವನ್ನು ಸದಾ ತೆರೆದಿಟ್ಟರೆ ನೀರಿನ ಆವಿ ಹೊರಟುಹೋಗುವುದರಿಂದ ಬೇಕಾದಷ್ಟೇ ತೆರೆಯುವ ಜಾಣತನ ಇದಕ್ಕಿದೆ. ಹೃದಯಕ್ಕೆ ಎರಡೇ ಕೋಣೆಗಳು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ವಸ್ತುವು ನಮ್ಮ ರಕ್ತದಲ್ಲಿರುವಂತೆ ಕಬ್ಬಿಣದ್ದಲ್ಲ, ತಾಮ್ರದ್ದು. ಆದುದರಿಂದ ಗಾಳಿ ತಾಕಿದ ರಕ್ತ ತಿಳಿನೀಲಿಯಾಗಿರುತ್ತದೆ. ಕಲ್ಲಿನಿಂದ ಜಜ್ಜಿದ ಹುಳುವಿನಲ್ಲಿ ಕೆಂಪು ರಕ್ತ ಕಾಣದೆ, ಇದಕ್ಕೆ ರಕ್ತವೇ ಇಲ್ಲವೆಂದು ಭಾವಿಸುವುದು ತಪ್ಪು.

ಬಾಯಿಯ ಮೇಲ್ಭಾಗದಲ್ಲಿ ಗಟ್ಟಿಯಾದ ಒಂದು ದವಡೆ, ಕೆಳಗೆ ಅರದಂಥ ಒಂದು ನಾಲಗೆ. ಬಡಗಿಯು ಮರವನ್ನು ಉಜ್ಜುವ ಅರದಂತೆಯೇ ಈ ಪಟ್ಟಿಯ ಮೇಲೆ ಸಾವಿರಾರು ಸೂಕ್ಷ್ಮವಾದ ಹಲ್ಲುಗಳು ಸಾಲುಸಾಲಾಗಿ ನಿಂತಿವೆ. ಮುಂದಿನ ಸಾಲು ಸವೆದಂತೆಲ್ಲ ಹಿಂದಿನಿಂದ ಹೊಸ ಸಾಲು ಬೆಳೆದು ಮುಂದಕ್ಕೆ ಬರುತ್ತದೆ. ಆದಕಾರಣ ಹುಳು ತಿಂದ ಎಲೆಯಲ್ಲಿ ಕಂಬಳಿಹುಳು ತಿಂದಂತೆ ಅಂಚಿನಿಂದ ಕತ್ತರಿಸಿದ ಗುರುತಿಗಿಂತ ನಡುವೆ ಕೆರೆದು ತೂತು ಮಾಡಿದ ಗುರುತೇ ಹೆಚ್ಚು. ಎಳೆಯ ತೊಗಟೆಯೂ ಇದಕ್ಕೆ ಸಿಕ್ಕದೆ ಉಳಿಯುವುದಿಲ್ಲ. ನಾರನ್ನು ಜೀರ್ಣಿಸುವ ಪಾಚಕರಸಗಳು ಅದರ ಹೊಟ್ಟೆಯಲ್ಲಿರುವುದರಿಂದ ಹಸುರೆಲೆಯಿಲ್ಲದ ಕಾಲದಲ್ಲಿ ಕೊಳೆತ ಸೋಗೆ, ಕಸಕಡ್ಡಿಗಳಿಂದಲೂ ಜೀವನ ಸಾಗಿಸುತ್ತದೆ. ಬೆಳೆಯಿಲ್ಲದಿದ್ದರೆ ಹುಳು ಹಸಿದು ಸಾಯುವುದೆಂಬ ಆಸೆ ನಿಷ್ಫಲ.

ಚಿಪ್ಪಿನ ವಿಷಯವು ಬೇಸಾಯಗಾರರಿಗೆ ವಿಶೇಷವಾಗಿ ಗಮನಾರ್ಹವಾದುದು. ಚಿಪ್ಪು ಹೆಚ್ಚುಕಡಮೆ ಸುಣ್ಣದ ಕಲ್ಲಿನ ಪದಾರ್ಥವೇ. ಪ್ರಾವಾರದ ಅಂಚು ಇದನ್ನು ಬಾಯಿಯ ಕಡೆಯಿಂದ ಸುತ್ತು ಸುತ್ತಾಗಿ ಕಟ್ಟುತ್ತ ಹೋಗುತ್ತದೆ. ಇದಕ್ಕೆ ಬೇಕಾದ ಸುಣ್ಣವನ್ನು ಎಲೆಗಳಿಂದಲೂ ಮಣ್ಣಿನಿಂದಲೂ ಪಡೆಯಬೇಕು. ಸಾಲದಿದ್ದರೆ ಸುಣ್ಣ ಬಳಿದ ಗೋಡೆಗಳನ್ನು ನೆಕ್ಕುತ್ತದೆ, ಎಲುಬುಗಳನ್ನು ಕೆರೆಯುತ್ತದೆ, ಸತ್ತ ಬಂಧುಗಳ ಚಿಪ್ಪನ್ನೂ ತಿನ್ನುತ್ತದೆ. ತೋಟದ ಸುತ್ತ ಸುಣ್ಣ ಚೆಲ್ಲಿದೆವು, ಆದರೂ ಹುಳು ಕಡಮೆಯಾಗಲಿಲ್ಲವೆಂದು ಹೇಳುವ ರೈತರುಂಟು. ಹೊಸದಾಗಿ ಸುಟ್ಟ, ಒಣಗಿದ ಸುಣ್ಣದ ಪುಡಿಯು ಪಾದದ ನೀರನ್ನು ಹೀರಿ ಮೈಯನ್ನು ಸುಡುವುದರಿಂದ ತಡೆಯಾಗುವುದು ನಿಜ. ಆದರೆ ಒಂದು ಮಳೆ ಬಿದ್ದು ಅದು ಅರಳಿ ಗಾಳಿಗೆ ಹಳೆಯದಾಯಿತೆಂದರೆ ತಡೆಯುವ ಗುಣ ಹೋಗಿ, ಚಿಪ್ಪು ಕಟ್ಟಲು ಬೇಕಾದ ಸಾಮಗ್ರಿಯೇ ಆಗಿ ಉಳಿಯುತ್ತದೆ. ಬೂದಿಯ ಕಥೆಯೂ ಅಷ್ಟೇ; ಒಣಗಿರುವವರೆಗೆ ಕಾವಲು, ನೆನೆದ ಮೇಲೆ ಮಣ್ಣು. ಸಸಿಮಡಿಯಂಥ ಸಣ್ಣ ಸ್ಥಳದಲ್ಲಿ, ಮಳೆಯಿಲ್ಲದ ನಾಲ್ಕು ದಿನಗಳ ಮಟ್ಟಿಗೆ ಇವೆರಡೂ ಉಪಯುಕ್ತ. ಹತ್ತು ಎಕರೆಯ ತೋಟಕ್ಕೆ ಬೇಲಿಯಾಗಿ ಇವುಗಳನ್ನು ನಂಬುವುದು ದಂಡ.

ಮಳೆಗಾಲ ಮುಗಿದು ನೆಲ ಒಣಗತೊಡಗಿದಾಗ ಹುಳುವು ಎಲ್ಲಿಗೆ ಹೋಗುತ್ತದೆಂಬುದು ಅನೇಕರ ಸಂದೇಹ. ಎಲ್ಲಿಗೂ ಹೋಗುವುದಿಲ್ಲ. ಸಡಿಲವಾದ ಮಣ್ಣಿನಲ್ಲಿ, ಕಲ್ಲುಕಟ್ಟೆಯ ಸಂದಿನಲ್ಲಿ, ಗೊಬ್ಬರದ ಗುಂಡಿಯ ಅಂಚಿನಲ್ಲಿ ಹುದುಗಿ, ಚಿಪ್ಪಿನೊಳಕ್ಕೆ ಪೂರ್ಣವಾಗಿ ಸರಿದು, ಬಾಯಿಗೆ ಲೋಳೆಯ ತೆರೆಯನ್ನು ಕಟ್ಟುತ್ತದೆ. ಆ ತೆರೆಗೆ ಸುಣ್ಣ ಸೇರಿ ಬಿಳಿಯ ಬಾಗಿಲಿನಂತೆ ಗಟ್ಟಿಯಾಗುತ್ತದೆ. ಹೃದಯದ ಬಡಿತ ನಿಧಾನವಾಗುತ್ತದೆ, ಉಸಿರಾಟ ಅತ್ಯಲ್ಪವಾಗುತ್ತದೆ. ದೇಹದ ಕಲ್ಮಷವನ್ನು ನಮ್ಮಂತೆ ನೀರಿನಲ್ಲಿ ಕರಗಿಸಿ ಹೊರಹಾಕದೆ, ಯೂರಿಕ್ ಆಮ್ಲವೆಂಬ ಕರಗದ ಗಸಿಯ ರೂಪದಲ್ಲಿ ಮೂತ್ರಪಿಂಡದಲ್ಲಿಯೇ ಕೂಡಿಟ್ಟುಕೊಳ್ಳುತ್ತದೆ. ಹೀಗೆ ತಿಂಗಳುಗಟ್ಟಲೆ ಅನ್ನನೀರುಗಳಿಲ್ಲದೆ ನಿದ್ರಿಸುತ್ತಿದ್ದು, ಮುಂಗಾರಿನ ಹನಿ ಮಣ್ಣಿಗಿಳಿದೊಡನೆ ಬಾಗಿಲನ್ನು ಒಡೆದು ಹೊರಬರುತ್ತದೆ. ಬೇಸಗೆಯಲ್ಲಿ ತೋಟದ ಮೂಲೆಯ ಸೋಗೆಯ ರಾಶಿಯನ್ನು ಎತ್ತಿ, ಕಟ್ಟೆಯ ಸಂದುಗಳನ್ನು ಕೆದಕಿ ನೋಡಿದರೆ ಒಂದೇ ಎಡೆಯಲ್ಲಿ ಗುಂಪುಗುಂಪಾಗಿ ಸಿಕ್ಕುತ್ತವೆ. ಆಗ ಓಡಲಾರವು, ಹರಡಿಕೊಂಡೂ ಇರಲಾರವು. ಹೀಗಿದ್ದರೂ ಬೇಸಗೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ವಿರಳ; ಕಣ್ಣಿಗೆ ಬೀಳದ ವೈರಿಯನ್ನು ಯಾರು ನೆನೆಯುತ್ತಾರೆ? ಆ ದಿನಗಳಲ್ಲಿ ಹಾಕಿದ ಒಂದು ಆಳು ಮಳೆಗಾಲದಲ್ಲಿ ಹಾಕಿದ ಹಲವು ಆಳುಗಳಿಗೆ ಸಮಾನವೆಂಬುದನ್ನು ಮರೆಯಬಾರದು. ಚಿಪ್ಪಿನ ಮೇಲೆ ಔಷಧ ಸಿಂಪಡಿಸುವುದಾದರೆ ಆ ಕಾಲದಲ್ಲಿ ಅದೊಂದು ಹನಿಯೂ ಒಳಗೆ ಹೋಗದು.

ಎಚ್ಚರವಾದ ಹುಳುವು ಮೊದಲು ತಿನ್ನುತ್ತದೆ, ಬಳಿಕ ಸಂತಾನವನ್ನು ಬೆಳೆಸುತ್ತದೆ. ಪ್ರತಿಯೊಂದು ಹುಳುವಿನಲ್ಲಿಯೂ ಗಂಡು ಹೆಣ್ಣು ಎರಡರ ಅಂಗಗಳೂ ಇವೆ. ಎರಡು ಹುಳುಗಳು ಕೂಡಿದರೆ ಎರಡೂ ತತ್ತಿಯಿಡಬಲ್ಲವು. ಅಷ್ಟೇ ಅಲ್ಲ; ಕೂಡಿದಾಗ ದೊರೆತ ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಕಾದಿಟ್ಟುಕೊಂಡು, ಜೊತೆಯಿಲ್ಲದಾಗಲೂ ಅದರಿಂದ ಮತ್ತೆ ಮತ್ತೆ ತತ್ತಿಯಿಡಬಲ್ಲುದು. ಒಂದು ಸಲಕ್ಕೆ ನೂರರಿಂದ ನಾಲ್ಕುನೂರರವರೆಗೆ, ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಹಳದಿಬಿಳಿಯ ಬಣ್ಣದ, ಸುಣ್ಣದ ಸಿಪ್ಪೆಯುಳ್ಳ ತತ್ತಿಗಳನ್ನು ತೇವದ ಮಣ್ಣಿನಲ್ಲಿ ಹೂಳುತ್ತದೆ. ವರ್ಷಕ್ಕೆ ಇಂತಹ ಹಲವು ಗೂಡುಗಳು. ಒಂದೆರಡು ವಾರಗಳಲ್ಲಿ ಮರಿಗಳು ಹೊರಟು, ಮೊದಲು ತಮ್ಮ ತತ್ತಿಯ ಸಿಪ್ಪೆಯನ್ನೇ ತಿಂದು ಚಿಪ್ಪಿಗೆ ಸುಣ್ಣ ಮಾಡಿಕೊಳ್ಳುತ್ತವೆ. ಸುಮಾರು ಆರು ತಿಂಗಳಲ್ಲಿ ಅವೂ ತತ್ತಿಯಿಡಲು ಸಮರ್ಥವಾಗುತ್ತವೆ. ತೋಟದಲ್ಲಿ ನೂರಕ್ಕೆ ತೊಂಬತ್ತೈದು ಹುಳುಗಳನ್ನು ಆರಿಸಿದರೂ ಉಳಿದ ಐದು ಎರಡು ಋತುಗಳಲ್ಲಿ ಮೊದಲಿನ ಸ್ಥಿತಿಯನ್ನು ತರಬಲ್ಲುವೆಂಬುದು ಇದರಿಂದ ವಿದಿತವಾಗುತ್ತದೆ. ಇದು ಊಹೆಯಲ್ಲ. ಅಮೆರಿಕದ ಫ್ಲಾರಿಡ ಪ್ರಾಂತದಲ್ಲಿ 1966ರಲ್ಲಿ ಒಬ್ಬ ಹುಡುಗನು ಹವಾಯಿ ದ್ವೀಪದಿಂದ ಮೂರು ಹುಳುಗಳನ್ನು ಆಟಕ್ಕೆಂದು ತಂದನು. ಅವನ ಅಜ್ಜಿಯು ಅವುಗಳನ್ನು ಹಿತ್ತಲಿಗೆ ಬಿಟ್ಟಳು. ಏಳು ವರ್ಷಗಳಲ್ಲಿ ಅವು ಹದಿನೆಂಟು ಸಾವಿರಕ್ಕೂ ಮೇಲ್ಪಟ್ಟುವು. 1975ರಲ್ಲಿ ನಿರ್ಮೂಲವಾಯಿತೆಂದು ಸಾರುವ ವೇಳೆಗೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ವೆಚ್ಚವಾಗಿತ್ತು. 2011ರಲ್ಲಿ ಅದೇ ಪ್ರಾಂತದಲ್ಲಿ ಹುಳು ಮತ್ತೆ ಕಾಣಿಸಿಕೊಂಡು, ವಾಸನೆ ಹಿಡಿಯುವ ನಾಯಿಗಳನ್ನೂ ನೇಮಿಸಿ ಹತ್ತು ವರ್ಷ ಹೋರಾಡಬೇಕಾಯಿತು.

ಒಂದು ಪ್ರಾಣಿಯನ್ನು ಕೊಲ್ಲಲು ಇನ್ನೊಂದನ್ನು ತಂದು ಬಿಡುವ ಉಪಾಯವೂ ಪರೀಕ್ಷೆಗೆ ಬಂದಿದೆ. ಲೋಳೆಯ ಜಾಡನ್ನು ಹಿಡಿದು ಹೋಗಿ ಬೇರೆ ಬಸವನಹುಳುಗಳನ್ನು ತಿನ್ನುವ ಒಂದು ಅಮೆರಿಕದ ಬಸವನಹುಳುವನ್ನು 1955ರಲ್ಲಿ ಹವಾಯಿಯಲ್ಲಿಯೂ 1977ರಲ್ಲಿ ಪೆಸಿಫಿಕ್ ಸಾಗರದ ಮೂರಿಯ ದ್ವೀಪದಲ್ಲಿಯೂ ಬಿಟ್ಟರು. ಅದು ದೊಡ್ಡ ಹುಳುವಿನ ಜಾಡಿಗಿಂತ ಅಲ್ಲಿಯ ನಿರಪರಾಧಿಗಳಾದ ಸಣ್ಣ ಮರಬಸವನಹುಳುಗಳ ಜಾಡನ್ನೇ ಹಿಡಿಯಿತು. ಹತ್ತು ವರ್ಷಗಳಲ್ಲಿ ಮೂರಿಯದ ಆ ಜಾತಿಗಳು ಕಾಡಿನಿಂದ ಮಾಯವಾದುವು. ನಮ್ಮ ತೋಟಗಳಲ್ಲಿ ಕೆಂಬೂತವು ಈ ಹುಳುವನ್ನು ಕುಕ್ಕಿ ತಿನ್ನುತ್ತದೆ, ಒಂದು ಬಗೆಯ ಮಿಂಚುಹುಳುವಿನ ಮರಿಗಳೂ ತಿನ್ನುತ್ತವೆ, ಬಾತುಕೋಳಿಗಳು ಎಳೆಯ ಹುಳುಗಳನ್ನು ಆರಿಸುತ್ತವೆ. ಕೆಂಬೂತಕ್ಕೆ ಕಲ್ಲೆಸೆಯದಿದ್ದರೆ ಸಾಕು. ಹೊರಗಿನಿಂದ ಯಾರನ್ನೂ ಕರೆತರಬೇಕಾಗಿಲ್ಲ.

ಇನ್ನು ಕೈಕೊಳ್ಳಬೇಕಾದ ಕ್ರಮ. ಮುಂಗಾರಿನ ಮೊದಲ ಮಳೆಗಳಲ್ಲಿ, ಅಂದರೆ ರೋಹಿಣಿ ಮೃಗಶಿರೆಗಳ ನಡುವೆ, ಹುಳು ಎದ್ದು ಇನ್ನೂ ತತ್ತಿಯಿಡದಿರುವ ಕೆಲವು ದಿನಗಳೇ ಅತ್ಯಂತ ಬೆಲೆಯುಳ್ಳವು. ಸಂಜೆ ಗೋಣಿತಟ್ಟುಗಳನ್ನು ಚೆನ್ನಾಗಿ ನೆನೆಸಿ, ಒಳಗೆ ಪರಂಗಿಯ ಎಲೆ, ಕೋಸಿನ ಎಲೆ, ಬೆಲ್ಲದ ನೀರು ಬೆರಸಿದ ತೌಡು ಇವುಗಳಲ್ಲೊಂದನ್ನು ಇಟ್ಟು ತೋಟದಲ್ಲಿ ಅಲ್ಲಲ್ಲಿ ಹಾಸಬೇಕು. ಬೆಳಗಿನ ಜಾವ ಬಿಸಿಲೇರುವ ಮುನ್ನ ತಟ್ಟನ್ನೆತ್ತಿದರೆ ತಂಪನ್ನು ಹುಡುಕಿಕೊಂಡು ಬಂದ ಹುಳುಗಳು ಅಡಿಯಲ್ಲಿ ಸೇರಿರುತ್ತವೆ. ಅವುಗಳನ್ನು ಆರಿಸಿ, ಗಟ್ಟಿಯಾಗಿ ಉಪ್ಪು ಕರಗಿಸಿದ ನೀರಿನ ಬಾನಿಗೆ ಹಾಕಬೇಕು. ಉಪ್ಪು ತೊಗಲಿನ ಮೂಲಕ ಮೈಯ ನೀರನ್ನು ಹೊರಕ್ಕೆಳೆದು ಕೊಲ್ಲುತ್ತದೆ. ಉಪ್ಪಿಗೆ ಯೋಗ್ಯವಾದ ಸ್ಥಳ ಆ ಬಾನಿಯೇ, ತೋಟದ ನೆಲವಲ್ಲ. ಬಾನಿಯ ನೀರನ್ನೂ ಗಿಡದ ಬುಡಕ್ಕೆ ಚೆಲ್ಲಕೂಡದು. ಈ ಕೆಲಸವನ್ನು ಒಬ್ಬನೇ ಮಾಡಿ ನೆರೆಯವನು ಸುಮ್ಮನಿದ್ದರೆ ಬೇಲಿಯಾಚೆಯಿಂದ ಮತ್ತೆ ತುಂಬುತ್ತದೆ. ಊರಿನವರೆಲ್ಲ ಒಂದೇ ವಾರದಲ್ಲಿ ಕೈಹಾಕುವುದು ಮೇಲು. ಹಸ್ತ ಚಿತ್ತೆಗಳ ಕಾಲದಲ್ಲಿ ಮತ್ತೊಮ್ಮೆ ಮಾಡಬೇಕು.

ಕೊಳೆರೋಗಕ್ಕೆಂದು ತಯಾರಿಸುವ ಬೋರ್ಡೋ ಮಿಶ್ರಣದ ಸರಿಯನ್ನು ಕಾಂಡದ ಬುಡಕ್ಕೆ ಪಟ್ಟೆಯಾಗಿ ಹಚ್ಚಿದರೆ ಅದರಲ್ಲಿನ ತಾಮ್ರವನ್ನು ಹುಳುವಿನ ಒದ್ದೆಪಾದ ಸಹಿಸದೆ ಕೆಲವು ಕಾಲ ಹಿಂದೆಗೆಯುತ್ತದೆ. ಕೆರೆ ಬಾವಿಗಳಿಗೆ ತಾಮ್ರ ಇಳಿಯದಂತೆ ನೋಡಿಕೊಳ್ಳತಕ್ಕದ್ದು. ಮೀನುಗಳಿಗೆ ಅದು ವಿಷ.

ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆಗಳು 1930ರ ದಶಕದಿಂದ ಬಳಕೆಯಲ್ಲಿವೆ. ಇದನ್ನು ತಿಂದ ಹುಳುವು ತಡೆಯಿಲ್ಲದೆ ಲೋಳೆಯನ್ನು ಸುರಿಸಿ, ನಿಶ್ಚೇಷ್ಟಿತವಾಗಿ ಬಿದ್ದು, ನೀರು ಬತ್ತಿ ಸಾಯುತ್ತದೆ. ಅಂದರೆ ಕೊಲ್ಲುವುದು ಅರ್ಧ ವಿಷ, ಅರ್ಧ ಒಣಹವೆ. ಗುಳಿಗೆ ಹಾಕಿದ ಮರುದಿನ ಮಳೆ ಬಂದರೆ ಬಿದ್ದ ಹುಳುಗಳು ನೀರನ್ನು ಹೀರಿಕೊಂಡು ಮತ್ತೆ ಎದ್ದು ಹೋಗುತ್ತವೆ. ಮಳೆ ಬಿಟ್ಟು ಒಂದೆರಡು ದಿನ ಬಿಸಿಲು ಬರುವಂತೆ ತೋರುವ ಸಂಜೆಯಲ್ಲಿ ಇದನ್ನಿಟ್ಟು, ಬೆಳಗ್ಗೆ ಬಿದ್ದುವನ್ನೆಲ್ಲ ಆರಿಸಿಬಿಡುವುದು ಸರಿಯಾದ ಕ್ರಮ. ಆದರೆ ಈ ಗುಳಿಗೆಯ ರುಚಿ ನಾಯಿಗಳಿಗೂ ದನಗಳಿಗೂ ಹಿಡಿಸುತ್ತದೆ. ತಿಂದರೆ ನಡುಗಿ ಸೆಟೆದು ಸಾಯುವುವು. ಬ್ರಿಟನ್ ದೇಶದಲ್ಲಿ 2022ರಿಂದ ಬಯಲಿನಲ್ಲಿ ಇದರ ಬಳಕೆಯನ್ನೇ ನಿಷೇಧಿಸಿದ್ದಾರೆ. ಮಕ್ಕಳೂ ಕರುಗಳೂ ಓಡಾಡುವ ಹಿತ್ತಲಿನಲ್ಲಿ ಇದು ಬೇಡವೇ ಬೇಡ. ದೊಡ್ಡ ತೋಟದಲ್ಲಿ ಅನಿವಾರ್ಯವಾದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಚೀಟಿಯಲ್ಲಿರುವ ಪ್ರಮಾಣವನ್ನು ಮೀರದೆ, ದನಗಳನ್ನು ಕಟ್ಟಿಹಾಕಿ, ರಾಶಿ ಹಾಕದೆ ವಿರಳವಾಗಿ ಚೆಲ್ಲಬೇಕು. ಇತರ ದೇಶಗಳಲ್ಲಿ ಕಬ್ಬಿಣದ ಫಾಸ್ಫೇಟಿನ ಗುಳಿಗೆಗಳೂ ಉಪಯೋಗದಲ್ಲಿವೆ. ಅವನ್ನು ತಿಂದ ಹುಳು ಮೇವು ಬಿಟ್ಟು ಬಿಲದೊಳಗೆ ಸಾಯುವುದರಿಂದ ಸತ್ತುವು ಕಣ್ಣಿಗೆ ಕಾಣವು, ದನಕರುಗಳಿಗೆ ಅಪಾಯವೂ ಬಹಳ ಕಡಮೆ.

ಹುಳುಗಳನ್ನು ಬರಿಗೈಯಿಂದ ಮುಟ್ಟಕೂಡದು. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಎಳೆಹುಳುವಿನ ಮರಿಗಳು ಇಲಿಯ ಹಿಕ್ಕೆಯ ಮೂಲಕ ಬಸವನಹುಳುವಿನ ಮಾಂಸವನ್ನು ಸೇರುತ್ತವೆ. ಅವು ಮನುಷ್ಯನ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಯ ಉರಿಯೂತವನ್ನುಂಟುಮಾಡುತ್ತವೆ. ಕೈಗವಚವಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಬೇಕು, ಮಕ್ಕಳಿಂದ ಆರಿಸಬಾರದು, ಹುಳು ಹರಿದಾಡಿದ ಸೊಪ್ಪನ್ನು ಹಸಿಯಾಗಿ ತಿನ್ನದೆ ಚೆನ್ನಾಗಿ ತೊಳೆದು ಬೇಯಿಸಬೇಕು.

ಸತ್ತ ಹುಳುಗಳನ್ನು ಮೊಣಕಾಲಾಳಕ್ಕಿಂತ ಕಡಮೆಯಿಲ್ಲದ ಗುಂಡಿಯಲ್ಲಿ ಹೂಳತಕ್ಕದ್ದು. ಅಗೆಯುವಾಗ ಸಿಕ್ಕಿದ ತತ್ತಿಗಳನ್ನು ಅಲ್ಲಿಯೇ ಬಿಡದೆ ಜಜ್ಜಿ ಹಾಕಬೇಕು. ಖಾಲಿ ಚಿಪ್ಪುಗಳನ್ನು ತೋಟದಲ್ಲಿ ಬಿಟ್ಟರೆ ಮಳೆಯ ನೀರು ನಿಂತು ಸೊಳ್ಳೆಗಳ ತೊಟ್ಟಿಲಾಗುವುದಲ್ಲದೆ, ಉಳಿದ ಹುಳುಗಳು ಅವುಗಳನ್ನು ಕೆರೆದು ತಿಂದು ತಮ್ಮ ಚಿಪ್ಪನ್ನು ಬಲಪಡಿಸಿಕೊಳ್ಳುತ್ತವೆ. ಅವನ್ನೂ ಒಡೆದು ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು.